ಗಾಳಿ ಏಳು

ಆ ದಿನ ಬೆಳಗಿನಿಂದಲೇ ಗಾಳಿ ಮೇಷ್ಟ್ರ ಕುತ್ತಿಗೆ ಎಡಕ್ಕೂ ತಿರುಗುತ್ತಿರಲಿಲ್ಲ, ಬಲಕ್ಕೂ ತಿರುಗುತ್ತಿರಲಿಲ್ಲ. ನೋವೇನೂ ಇರಲಿಲ್ಲ, ಉಳುಕಿಯೂ ಇರಲಿಲ್ಲ. ಶರ್ಟಿನ ಕಾಲರ್ ಬಿಡುತ್ತಿರಲಿಲ್ಲ, ಅಷ್ಟೆ. ಅವರ ಹೆಂಡತಿ ಗಂಜಿ ಹಾಕಿದರೆ ಬಟ್ಟೆ ಬಟ್ಟೆಯಾಗಿ ಉಳಿಯುತ್ತಿರಲಿಲ್ಲ, ತಗಡಾಗುತ್ತಿತ್ತು.

"ಖಾಯಂ ಆಗೋ ದಿನ ನೆಟ್ಟಗೆ ನಿಂತ್ಕೋಬೇಕು. ನಿಮ್ಮ ಕೈಲಂತೂ ಆಗಲ್ಲ, ಶರ್ಟಾದ್ರೂ ನಿಲ್ಲಲಿ," ಎಂದು ಆಕೆ ಬಾಗಿಲವರೆಗೆ ಬಂದು ಹೇಳಿದ್ದರು. ಎದುರುಮನೆಗೆ, ಪಕ್ಕದ ಮನೆಗೆ, ಹಾಲಿನವನಿಗೆ ಸುದ್ದಿ ಮುಟ್ಟಿ ಆಗಲೇ ವಾರವಾಗಿತ್ತು.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಊರಾಚೆ ಒಂದು ಪುಟ್ಟ ವಿಮಾನ ತರಬೇತಿ ಶಾಲೆ; ಒಂದು ರನ್‌ವೇ, ತಗಡಿನ ಶೆಡ್ಡಿನಲ್ಲಿ ಎರಡು ಸಣ್ಣ ವಿಮಾನ, ಒಂದು ಅಗ್ನಿಶಾಮಕ ಲಾರಿ, ಒಂದು ಕ್ಯಾಂಟೀನು. ಅಲ್ಲಿ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಮಾಪಕದ ಮುಳ್ಳು ತೋರಿಸುವ ಗಾಳಿಯ ವೇಗವನ್ನು ಹತ್ತು ನಿಮಿಷಕ್ಕೊಮ್ಮೆ ದಾಖಲೆ ಪುಸ್ತಕದಲ್ಲಿ ಬರೆಯುವುದು, ವಿಮಾನ ಇಳಿಯುವಾಗ ಅದನ್ನೇ ರೇಡಿಯೋದಲ್ಲಿ ಹೇಳುವುದು ಅವರ ಕೆಲಸ. ತಾವು ಬರೆದದ್ದನ್ನು ಎರಡು ಸಲ ತಾಳೆ ನೋಡುತ್ತಿದ್ದರು, ಬೇರೆಯವರು ಬರೆದದ್ದನ್ನು ಮೂರು ಸಲ ತಿದ್ದುತ್ತಿದ್ದರು. ಅದಕ್ಕೇ ಆ ಹೆಸರು. ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಇಂದು ಮಧ್ಯಾಹ್ನ ಮೂರಕ್ಕೆ ಮೇಲಿನ ಕಚೇರಿಯ ಮೇಡಂ ವಾರ್ಷಿಕ ತಪಾಸಣೆಗೆ ಬರುವವರಿದ್ದರು. ಅವರ ಚೀಲದಲ್ಲಿ ಮೇಷ್ಟ್ರನ್ನು ಖಾಯಂ ಮಾಡುವ ಪತ್ರ; ಒಂದು ಸಹಿ ಬಿದ್ದರೆ ಆಯಿತು.

ಹೋದ ವರ್ಷ ಬಂದಾಗ ಮೇಡಂ ತಪ್ಪುಗಳ ಪಟ್ಟಿ ಬರೆದು ಹೋಗಿದ್ದರು. ರನ್‌ವೇ ತುದಿಯ ಬೇಲಿ ಮುರಿದಿದೆ. ಕ್ಯಾಂಟೀನಿನ ನಾಯಿ ಎಲ್ಲೆಂದರಲ್ಲಿ ಮಲಗುತ್ತದೆ. ಗಾಳಿಚೀಲ ಮಾಸಿ ಜೋಲುಬಿದ್ದಿದೆ. ಗಾಳಿಚೀಲವೆಂದರೆ, ಬೀಸುವ ಗಾಳಿಯ ದಿಕ್ಕು ಬಿರುಸು ಎರಡನ್ನೂ ಆಕಾಶದಲ್ಲಿದ್ದವರಿಗೆ ತೋರಿಸಲು ಕಂಬದ ತುದಿಗೆ ಕಟ್ಟುವ, ಅಂಗಿಯ ತೋಳಿನಂಥ ಉದ್ದನೆಯ ಬಟ್ಟೆ. ಮೇಷ್ಟ್ರು ಅದನ್ನು ಮೊನ್ನೆ ಬಿಚ್ಚಿ ಮನೆಗೆ ಒಯ್ದು ಹೆಂಡತಿಯಿಂದ ತೊಳೆಸಿ, ಇಂದು ಬೆಳಗ್ಗೆ ಆರಕ್ಕೇ ಬಂದು ಏಣಿ ಹತ್ತಿ ಕಟ್ಟಿದ್ದರು. ಬೂದು ಬಣ್ಣದ್ದೆಂದು ಎಲ್ಲರೂ ತಿಳಿದಿದ್ದ ಚೀಲ ಕಿತ್ತಳೆ ಬಣ್ಣದ್ದೆಂದು ಆಗ ಗೊತ್ತಾಯಿತು.

ಬೇಲಿ ರಿಪೇರಿಯಾಗಿತ್ತು. ನಾಯಿಯ ವಿಷಯದಲ್ಲಿ ಯಾರಿಂದಲೂ ಏನೂ ಮಾಡಲಾಗಿರಲಿಲ್ಲ.

ಎಂಟೂ ಹತ್ತಕ್ಕೆ ಹಲ್ಲಿನ ಡಾಕ್ಟರು ವಿಮಾನ ಇಳಿಸಲು ಬಂದರು. ನಲವತ್ತೈದರ ವಯಸ್ಸಿನಲ್ಲಿ ಹಾರುವ ಹುಚ್ಚು ಹತ್ತಿಸಿಕೊಂಡ ಅವರು ಒಬ್ಬರೇ ಹಾರುತ್ತಿದ್ದುದು ಅದು ಮೂರನೆಯ ಸಲ. ಮೇಷ್ಟ್ರು ಮುಳ್ಳು ನೋಡಿದರು, ಮೈಕಿನ ಗುಂಡಿ ಒತ್ತಿದರು.

"ಗಾಳಿ ಏಳು, ಏಳು," ಎಂದರು. ಸಂಖ್ಯೆಯನ್ನು ಎರಡು ಸಲ ಹೇಳುವುದು ಅವರ ಪದ್ಧತಿ. ಕೇಳಿಸಿತು ಎನ್ನುವುದಕ್ಕೆ ವಿಮಾನದವರು ತಮ್ಮ ಗುಂಡಿಯನ್ನು ಎರಡು ಸಲ ಒತ್ತಿ ಕರ್ ಕರ್ ಎನ್ನಿಸಬೇಕು. ರೇಡಿಯೋ ಕರ್ ಕರ್ ಎಂದಿತು. ಆ ಹಳೆಯ ಪೆಟ್ಟಿಗೆ ಇಡೀ ದಿನ ಹಾಗೇ ಅನ್ನುತ್ತಿತ್ತು, ಆ ಮಾತು ಬೇರೆ.

ವಿಮಾನದ ಗಾಲಿ ನೆಲಕ್ಕೆ ತಾಗಿತು. ತಾಗಿದ್ದೇ ತಡ, ಕಾದ ಹಂಚಿನ ಮೇಲೆ ಕಾಲಿಟ್ಟವರ ಹಾಗೆ ಮೇಲಕ್ಕೆ ಚಿಮ್ಮಿತು. ಮೇಷ್ಟ್ರು ಗಾಬರಿಯಾದರು. ಗಾಬರಿಯಾದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿದ್ದುದು ಒಂದೇ: ಮುಳ್ಳು ಓದುವುದು. ಒಂದು ಬೀಸುಗಾಳಿಗೆ ಮುಳ್ಳು ಸರಕ್ಕನೆ ಏರಿತ್ತು.

"ಹತ್ತು, ಹತ್ತು!"

ಇನ್ನೊಮ್ಮೆ ನೆಲ ಮುಟ್ಟಿದ ವಿಮಾನ ಮೊದಲಿಗಿಂತ ಎತ್ತರ ಹತ್ತಿತು. ಕೆಳಗೆ ಬಿದ್ದು, ರನ್‌ವೇ ಮುಗಿದರೂ ನಿಲ್ಲದೆ, ರಿಪೇರಿಯಾಗಿದ್ದ ಬೇಲಿಯನ್ನು ಮತ್ತೆ ಮುರಿದು, ಆಚೆಯ ಚರಂಡಿಗೆ ಮೂತಿಯಿಟ್ಟಿತು.

"ಆರು, ಆರು," ಎಂದರು ಮೇಷ್ಟ್ರು, ಬಿಳಿಚಿಕೊಂಡು. ಎಂಜಿನ್ನು ಆರಿತು.

ಅಗ್ನಿಶಾಮಕ ಲಾರಿಯ ಬೆಂಕಿಯಣ್ಣ ಹನ್ನೊಂದು ವರ್ಷದಿಂದ ಇದೊಂದು ಕ್ಷಣಕ್ಕಾಗಿ ಕಾದವನು. ಬೆಂಕಿ ಹತ್ತಿರಲಿಲ್ಲ, ಹೊಗೆಯೂ ಇರಲಿಲ್ಲ. ಅವನು ಅದನ್ನೆಲ್ಲ ಲೆಕ್ಕಿಸದೆ ಇದ್ದಬದ್ದ ನೊರೆಯನ್ನೆಲ್ಲ ಸುರಿದುಬಿಟ್ಟ. ವಿಮಾನ ಕ್ಷೌರಕ್ಕೆ ಕೂತ ಗಿರಾಕಿಯಂತೆ ಕಂಡಿತು. ನೊರೆಯೊಳಗಿಂದ ಹಲ್ಲಿನ ಡಾಕ್ಟರು ಎದ್ದು ಬಂದರು. ಕೈಕಾಲು ನೆಟ್ಟಗಿದ್ದವು; ನಾಲಿಗೆ ಮಾತ್ರ ಕಚ್ಚಿಕೊಂಡಿದ್ದರು. ಊರಿನ ಹಲ್ಲುಗಳನ್ನೆಲ್ಲ ನೋಡಿಕೊಂಡವರಿಗೆ ಸ್ವಂತ ಹಲ್ಲೇ ಕೈಕೊಟ್ಟಿತ್ತು.

"ಏನಾಯ್ತು ಡಾಕ್ಟ್ರೇ?" ಎಂದು ಎಲ್ಲರೂ ಕೇಳಿದರು.

"ಬ್ಬ್ಲ... ಬ್ಬ್ಲ..." ಎಂದರು ಡಾಕ್ಟರು.

ಹೊಲಿಗೆ ಹಾಕಿಸಲು ಅವರನ್ನು ಜೀಪಿನಲ್ಲಿ ಊರೊಳಗೆ ಕಳಿಸಿದರು. ಏನಾಯಿತೆಂದು ಬಲ್ಲ ಒಬ್ಬನೇ ಮನುಷ್ಯ ಹೀಗೆ ಬಾಯಿ ಮುಚ್ಚಿಕೊಂಡು ಹೋದದ್ದರಿಂದ, ಏನೂ ಗೊತ್ತಿಲ್ಲದವರೆಲ್ಲ ಮಾತಾಡತೊಡಗಿದರು.

ಮೇಷ್ಟ್ರು ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಎದುರಿಗೆ ಬೆಂಕಿಯಣ್ಣ ಪೈಪು ಸುತ್ತುತ್ತಿದ್ದ. ಪೈಪಿನ ಮೇಲೆ ಕ್ಯಾಂಟೀನಿನ ನಾಯಿ ಹಾಯಾಗಿ ಮಲಗಿತ್ತು.

"ಏಳು! ಏಳು!" ಎಂದು ಬೆಂಕಿಯಣ್ಣ ಗದರಿದ.

ನಾಯಿ ಎದ್ದಿತು. ಮೇಷ್ಟ್ರೂ ಎದ್ದರು.

ಎದ್ದವರು ಹಾಗೇ ನಿಂತರು. ಏಳು ಎಂದೆ, ವಿಮಾನ ಎದ್ದಿತು. ಹತ್ತು ಎಂದೆ, ಹತ್ತಿತು. ಆರು ಎಂದೆ, ಆರಿತು. ಅಯ್ಯೋ!

ಓಡಿ ಹೋಗಿ ಕುರ್ಚಿಯಲ್ಲಿ ಕೂತು ಬೆರಳು ಮಡಿಸಿದರು. ಒಂದರಿಂದ ಹತ್ತರವರೆಗೆ ಆರು, ಏಳು, ಹತ್ತು, ಈ ಮೂರು ಬರೀ ಸಂಖ್ಯೆಗಳಲ್ಲ, ಅಪ್ಪಣೆಗಳು. ಶೇಕಡಾ ಮೂವತ್ತು! ಎರಡು ವರ್ಷದ ಹಿಂದಿನವರೆಗೂ ಈ ಅಪಾಯ ಇರಲಿಲ್ಲ. ಆಗ ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕರಕರ ರೇಡಿಯೋದಲ್ಲಿ ಫೈವ್ ಯಾವುದು ನೈನ್ ಯಾವುದು ತಿಳಿಯುವುದಿಲ್ಲ, ನಮ್ಮ ಭಾಷೆಯಲ್ಲೇ ಹೇಳಿದರೆ ಐದು ಐದಾಗಿಯೂ ಒಂಬತ್ತು ಒಂಬತ್ತಾಗಿಯೂ ಕೇಳಿಸುತ್ತದೆ ಎಂದು ನಾಲ್ಕು ಪುಟದ ಸಲಹೆ ಬರೆದುಕೊಟ್ಟ ಮಹಾನುಭಾವ ಯಾರು? ಮೇಷ್ಟ್ರು ಕುತ್ತಿಗೆ ತಿರುಗದ್ದರಿಂದ ಇಡೀ ಮೈಯನ್ನೇ ತಿರುಗಿಸಿ ಗೋಡೆ ನೋಡಿದರು. ಅಲ್ಲಿ ಗಾಜಿನ ಚೌಕಟ್ಟಿನೊಳಗೆ ಪ್ರಶಂಸಾ ಪತ್ರ ಹೊಳೆಯುತ್ತಿತ್ತು. 'ಸಂಖ್ಯೆಗಳನ್ನು ನಮ್ಮ ಭಾಷೆಯಲ್ಲೇ ಹೇಳುವ ಸುರಕ್ಷಿತ ವಿಧಾನವನ್ನು ಸೂಚಿಸಿದ್ದಕ್ಕಾಗಿ.' ಕೆಳಗೆ ಕ್ಯಾಪ್ಟನ್ನರ ಸಹಿ. ಸುರಕ್ಷಿತ ಎಂಬ ಪದದ ಕೆಳಗೆ ಮೇಷ್ಟ್ರೇ ಸ್ಕೇಲಿಟ್ಟು ಗೆರೆ ಎಳೆದಿದ್ದರು.

ಮೊದಲು ದಾಖಲೆ ಪುಸ್ತಕ ತೆರೆದರು. ಎಂಟೂ ಹತ್ತು, ಗಾಳಿ ಏಳು. ಅದನ್ನು ಎಂಟು ಮಾಡಿದರೆ? ಎಂಟು ಎಂದರೆ ಯಾವ ವಿಮಾನವೂ ಏನೂ ಮಾಡುವಂತಿಲ್ಲ. ಎಷ್ಟು ನಿರಪರಾಧಿ ಸಂಖ್ಯೆ! ಪೆನ್ನು ಪುಟದ ಹತ್ತಿರ ಹೋಯಿತು, ವಾಪಸು ಬಂದಿತು. ಆರು ವರ್ಷದಲ್ಲಿ ಒಂದು ಅಂಕಿಯನ್ನೂ ಸುಳ್ಳು ಬರೆದವರಲ್ಲ. ಸರಿ, ಅಂಕಿ ಇರಲಿ, ಚೌಕಟ್ಟು ಹೋಗಲಿ ಎಂದುಕೊಂಡು ಗೋಡೆಯಿಂದ ಅದನ್ನು ಇಳಿಸಿದರು. ಎಲ್ಲಿ ಬಚ್ಚಿಡುವುದು? ಮೇಜಿಗೆ ಡ್ರಾಯರ್ ಇಲ್ಲ. ಬೀರುವಿನ ಬೀಗದ ಕೈ ಕ್ಯಾಪ್ಟನ್ ಹತ್ತಿರ. ಶರ್ಟಿನೊಳಗೆ ತುರುಕಿಕೊಂಡರು. ಗಂಜಿಯ ಮಹಿಮೆ, ಒಳಗೆ ಚೌಕಟ್ಟಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವಂತಿರಲಿಲ್ಲ.

"ಏನ್ ಮೇಷ್ಟ್ರೇ, ಗೋಡೆ ಬೋಳಿಸ್ತಿದ್ದೀರಾ?" ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಕ್ಯಾಂಟೀನ್ ಅಕ್ಕ ನಿಂತಿದ್ದಳು.

"ಧೂಳು... ಧೂಳು ಹೊಡೀತಿದ್ದೆ ಅಕ್ಕ."

"ಹೊಡೀರಿ, ಹೊಡೀರಿ. ಅಲ್ಲಿದ್ದ ಫೋಟೋನೂ ಧೂಳಿನ ಜೊತೆ ಹಾರಿಹೋಯ್ತು ಅನ್ಸುತ್ತೆ." ಅವಳು ಲೋಟ ಇಟ್ಟು, ಅಲ್ಲೇ ಇದ್ದ ಸ್ಟೂಲಿನಲ್ಲಿ ಕೂತಳು. "ನಾನೊಂದ್ ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಡಾಕ್ಟ್ರು ಬೆಳಗ್ಗೆ ಏನೂ ತಿಂದಿರ್ಲಿಲ್ಲ. ಖಾಲಿ ಹೊಟ್ಟೆ. ಖಾಲಿ ಚೀಲ ಕೆಳಗಿಟ್ರೆ ನಿಲ್ಲುತ್ತಾ? ವಿಮಾನ ಹೆಂಗೆ ನಿಲ್ಲುತ್ತೆ?"

ಮೇಷ್ಟ್ರಿಗೆ ಆ ತರ್ಕ ಎಂದೂ ಇಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಅಷ್ಟರಲ್ಲಿ ಕ್ಯಾಪ್ಟನ್ ಬಂದರು. ಶಾಲೆಯ ಮುಖ್ಯಸ್ಥರು, ಮಾತಿಗಿಂತ ಮೀಸೆ ಮುಂದೆ ಬರುವ ಮನುಷ್ಯ. ಕೈಯಲ್ಲಿ ಒಂದು ಫಾರಂ. "ಮೇಷ್ಟ್ರೇ, ತಪಾಸಣೆಗೆ ಬರೋ ಮೇಡಂ ಈಗ ತನಿಖೆಗೇ ಬರ್ತಾರಂತೆ. ಎಲ್ಲರ ಹೇಳಿಕೆ ತಗೊಂಡು ರೆಡಿ ಇಡಿ ಅಂದ್ರು. ಅಕ್ಷರ ಚೆನ್ನಾಗಿರೋದು ನಿಮ್ಮೊಬ್ಬರದೇ. ನೀವೇ ಬರ್ಕೊಳ್ಳಿ. ಈ ಫಾರಂ ನೋಡಿ, ಕಡೇ ಸಾಲು ಮುಖ್ಯ."

ಕಡೆಯ ಸಾಲಿನಲ್ಲಿ ಹೀಗಿತ್ತು: 'ಅಪಘಾತದ ಕಾರಣ (ಒಂದೇ ಪದದಲ್ಲಿ).' ಒಂದೇ ಪದ! ಮೇಷ್ಟ್ರ ಕಣ್ಣಿಗೆ ಆ ಖಾಲಿ ಜಾಗದಲ್ಲಿ ಆಗಲೇ ಏಳು ಎಂದು ಕಾಣಿಸಿತು.

"ನನ್ನ ಹೇಳಿಕೆ ಮೊದಲು ಬರ್ಕೊಳ್ಳಿ," ಎಂದರು ಕ್ಯಾಪ್ಟನ್. "ಮೊಲ. ರನ್‌ವೇ ಮೇಲೆ ಒಂದು ಮೊಲ ಅಡ್ಡ ಬಂತು."

"ನೀವು ನೋಡಿದ್ರಾ ಸಾರ್?"

"ನಾನು ಆಗ ಸ್ನಾನ ಮಾಡ್ತಿದ್ದೆ ಕಣ್ರೀ. ಆದ್ರೆ ಮೂವತ್ತು ವರ್ಷದ ಅನುಭವ ಹೇಳುತ್ತೆ, ಮೊಲಾನೇ."

ಮೇಷ್ಟ್ರು ಬರೆದುಕೊಂಡರು. ಆಮೇಲೆ ಮೆಕ್ಯಾನಿಕ್ ಬಂದ. "ಬ್ರೇಕ್ ಬಗ್ಗೆ ಒಂದಕ್ಷರ ಬರೀಬೇಡಿ. ನನ್ನ ಬ್ರೇಕು ನನ್ನ ಮಾತಿಗಿಂತ ಗಟ್ಟಿ. ಕಾರಣ ಭಯ. ಜನ ಹಲ್ಲಿನ ಡಾಕ್ಟರಿಗೆ ಹೆದರ್ತಾರೆ, ಹಲ್ಲಿನ ಡಾಕ್ಟರು ನೆಲಕ್ಕೆ ಹೆದರಿದ್ರು. ಸ್ವಲ್ಪ ಚೆನ್ನಾಗಿ ಬರೀರಿ ಮೇಷ್ಟ್ರೇ, ನಿಮ್ಮ ಭಾಷೇಲಿ." ಬೆಂಕಿಯಣ್ಣನ ಪ್ರಕಾರ ಕಾರಣ ಚರಂಡಿ. ಚರಂಡಿ ಅಲ್ಲಿ ಇಲ್ಲದಿದ್ದರೆ ವಿಮಾನ ಅದರೊಳಗೆ ಬೀಳುತ್ತಿತ್ತೇ? ಅಕ್ಕ ಹೊಟ್ಟೆ ಎಂದು ಬರೆಸಿ ಹೆಬ್ಬೆಟ್ಟಿನಷ್ಟು ದೊಡ್ಡ ಸಹಿ ಹಾಕಿದಳು. ಪ್ರತಿಯೊಬ್ಬರೂ ಬರೆಸಿದ ಮೇಲೆ ಹೋಗದೆ ಅಲ್ಲೇ ನಿಂತು, ಮುಂದಿನವರ ಕಾರಣಕ್ಕೆ ತಲೆಯಾಡಿಸುತ್ತ ನಕ್ಕರು.

"ನಿಮ್ಮ ಕಾರಣ ಏನು ಮೇಷ್ಟ್ರೇ?" ಎಂದ ಮೆಕ್ಯಾನಿಕ್.

"ನಂದಾ? ನಾನು... ಯೋಚನೆ ಮಾಡ್ತಿದ್ದೀನಿ." ಶರ್ಟಿನೊಳಗೆ ಚೌಕಟ್ಟು ಕಿರ್ ಎಂದಿತು.

"ಏನದು ಶಬ್ದ?"

"ಹೊಟ್ಟೆ."

"ನೋಡಿದ್ರಾ!" ಎಂದಳು ಅಕ್ಕ, ಗೆದ್ದವಳಂತೆ. "ಎಲ್ಲ ಹೊಟ್ಟೇದೇ."

ಮಧ್ಯಾಹ್ನ ಹೆಂಡತಿಯ ಫೋನು. "ಆಯ್ತಾ ಖಾಯಂ?"

"ಮೂರು ಗಂಟೆಗೆ ಕಣೇ ಬರೋದು. ಇಲ್ಲಿ ಸ್ವಲ್ಪ..."

"ಸ್ವಲ್ಪ ಏನು? ಕಾಲರ್ ಮಡಚಿತಾ?"

"ಇಲ್ಲ. ಅದೊಂದು ಗಟ್ಟಿಯಾಗಿದೆ."

"ಎದುರುಮನೆಯವರು ಬಂದು ಕೂತಿದಾರೆ. ಬೇಗ ಹೇಳಿ."

ಆಮೇಲೆ ಮೇಷ್ಟ್ರು ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ, ಬಾಗಿಲಿಂದ ಕಿಟಕಿಗೆ ಹನ್ನೊಂದು. ಹೇಳಿಬಿಡಲೇ? ಹೇಳಿದರೆ ಖಾಯಂ ಹೋಯಿತು. ಹೇಳದಿದ್ದರೆ? ನಾಳೆ ಇನ್ನೊಬ್ಬರು ಇಳಿಯುತ್ತಾರೆ, ಗಾಳಿ ಏಳಿರುತ್ತದೆ, ಅವರೂ ಏಳುತ್ತಾರೆ. ಕೂಗುವವನು ನಾನೇ. ಬಿಸಿಲು ಏರಿ ಸೆಖೆ ಕುದಿಯುತ್ತಿತ್ತು. ಕಾಲರಿನ ಅಂಚಿನಲ್ಲಿ ಬೆವರು ಕೆರೆಗಟ್ಟಿತ್ತು, ಕೆಳಗಿಳಿಯಲು ದಾರಿಯಿಲ್ಲದೆ. ಕಿಟಕಿಯಾಚೆ ಎಲ್ಲವೂ ಸೋತಂತೆ ಕಂಡಿತು: ಮೂತಿ ಮುರಿದ ವಿಮಾನ, ಒರಗಿದ ಬೇಲಿ, ಕಾಲು ಚಾಚಿದ ನಾಯಿ. ಗಾಳಿಚೀಲವೊಂದೇ ಕಂಬದ ತುದಿಯಲ್ಲಿ ಧೈರ್ಯವಾಗಿ ನೆಟ್ಟಗಿತ್ತು. ಅದರಿಂದ ಮೇಷ್ಟ್ರಿಗೆ ಸ್ವಲ್ಪ ಸಮಾಧಾನವಾಯಿತು.

ಮೂರಕ್ಕೆ ಸರಿಯಾಗಿ ಮೇಡಂ ಬಂದರು. ಸಣಕಲು ಹೆಂಗಸು, ದನಿ ಮೆಲ್ಲಗೆ, ಕೈಯಲ್ಲಿ ಅಳತೆಯ ಟೇಪು. ಮೊದಲು ರನ್‌ವೇ ಮೇಲಿನ ಗಾಲಿಯ ಗುರುತುಗಳನ್ನು ಅಳೆದರು, ಬೇಲಿ ನೋಡಿದರು, ಬ್ರೇಕು ಒತ್ತಿ ನೋಡಿ ಸರಿಯಿದೆ ಎಂದರು. ಮೆಕ್ಯಾನಿಕ್ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಮೇಡಂ ಆಫೀಸಿನಲ್ಲಿ ಕೂತು ಹೇಳಿಕೆಗಳನ್ನು ಓದಿದರು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊಲ, ಭಯ, ಚರಂಡಿ, ಹೊಟ್ಟೆ. ನಾಲ್ಕು ಜನ, ನಾಲ್ಕು ಕಾರಣ. ಆದ್ರೆ ಅಕ್ಷರ ಒಂದೇ. ಇದನ್ನೆಲ್ಲ ಕೂತು ಬರೆದದ್ದು ಯಾರು?"

ಎಲ್ಲರೂ ಒಟ್ಟಿಗೆ ಮೇಷ್ಟ್ರ ಕಡೆ ನೋಡಿದರು.

"ನೀವು ಯಾಕ್ರೀ ಇಷ್ಟು ಕಾರಣ ಬರೆದಿದ್ದೀರಿ? ಏನನ್ನಾದ್ರೂ ಮುಚ್ಚಿಡ್ತಿದ್ದೀರಾ?"

"ಫೋಟೋ," ಎಂದಳು ಅಕ್ಕ, ಗೋಡೆಯ ಬಿಳಿ ಚೌಕ ನೋಡುತ್ತ, ತನ್ನಷ್ಟಕ್ಕೆ ಹೇಳಿಕೊಂಡಂತೆ.

ಅಲ್ಲಿಗೆ ಮೇಷ್ಟ್ರ ಕಟ್ಟೆ ಒಡೆಯಿತು. ಶರ್ಟಿನೊಳಗೆ ಕೈ ಹಾಕಿ ಚೌಕಟ್ಟು ಎಳೆದು ಮೇಜಿನ ಮೇಲಿಟ್ಟರು. "ನಾನೇ ಮೇಡಂ! ಕಾರಣ ನಾನೇ! ಗಾಳಿ ಏಳಿತ್ತು, ಏಳು ಏಳು ಅಂದೆ, ಅವರು ಎದ್ರು. ಹತ್ತು ಅಂದೆ, ಹತ್ತಿದ್ರು. ಈ ವಿಧಾನ ಕಂಡುಹಿಡಿದ ಪಾಪಿ ನಾನೇ. ಅಂಕಿ ತಿದ್ದೋಣ ಅಂತ ಪೆನ್ನು ಕೂಡ ತಗೊಂಡಿದ್ದೆ. ತಿದ್ದಲಿಲ್ಲ. ಆದ್ರೆ ತಗೊಂಡಿದ್ದು ನಿಜ."

ಚೌಕಟ್ಟಿನೊಳಗಿದ್ದ ತಮ್ಮ ಸಹಿಯ ಮೇಲೆ ಕ್ಯಾಪ್ಟನ್ ಮೆಲ್ಲನೆ ಟೋಪಿ ಇಟ್ಟರು.

ಆಗಲೇ ಹೊರಗೆ ಜೀಪು ನಿಂತಿತು. ಹಲ್ಲಿನ ಡಾಕ್ಟರು ಕೆನ್ನೆ ಊದಿಸಿಕೊಂಡು ಒಳಗೆ ಬಂದರು. ಮಾತಾಡುವಂತಿಲ್ಲ, ಜೇಬಿನಿಂದ ಒಂದು ಚೀಟಿ ತೆಗೆದು ಮೇಡಂಗೆ ಕೊಟ್ಟರು. ಮೇಡಂ ಗಟ್ಟಿಯಾಗಿ ಓದಿದರು: "ರೇಡಿಯೋ ಆನ್ ಮಾಡುವುದನ್ನೇ ಮರೆತಿದ್ದೆ. ಯಾರು ಏನು ಹೇಳಿದರೋ ನನಗೆ ಒಂದಕ್ಷರವೂ ಕೇಳಿಸಿಲ್ಲ. ಕ್ಷಮಿಸಿ."

"ಕೇಳಿಸಿಲ್ವಾ?" ಎಂದರು ಮೇಷ್ಟ್ರು. "ಏಳು ಕೇಳಿಸಿಲ್ವಾ? ಹತ್ತು?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

"ವೇಗ ಜಾಸ್ತಿ ಇದ್ರೆ, ನೆಲಕ್ಕೆ ತಾಗಿದ ವಿಮಾನ ತಾನಾಗೇ ಚಿಮ್ಮುತ್ತೆ," ಎಂದರು ಮೇಡಂ. "ಯಾರೂ ಏಳು ಅನ್ನಬೇಕಾಗಿಲ್ಲ. ಗುರುತು ಅಳೆದಾಗಲೇ ಗೊತ್ತಾಯ್ತು, ತುಂಬಾ ವೇಗವಾಗಿ ಬಂದಿದೆ. ನಿಮ್ಮ ಏಳಕ್ಕೂ ಅದಕ್ಕೂ ಸಂಬಂಧ ಇಲ್ಲ."

ಬೆಂಕಿಯಣ್ಣ ಮೇಷ್ಟ್ರ ಬೆನ್ನಿಗೆ ಬಾರಿಸಿದ. ಬಾಗಿಲು ತಟ್ಟಿದಂತೆ ಸದ್ದಾಯಿತು. ಅಕ್ಕ, "ನಾನು ಆಗಲೇ ಹೇಳಿದ್ದೆ," ಎಂದಳು. ಏನು ಹೇಳಿದ್ದಳೆಂದು ಯಾರೂ ಕೇಳಲಿಲ್ಲ. ಮೇಡಂ ಚೀಲ ತೆರೆದು ಒಂದು ಪತ್ರ ಹೊರತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಮಾಡದ ತಪ್ಪನ್ನೂ ಒಪ್ಪಿಕೊಳ್ಳೋ ಮನುಷ್ಯನನ್ನ ಈ ಕೆಲಸದಲ್ಲಿ ನಾನು ನೋಡಿದ್ದು ಇದೇ ಮೊದಲು. ಇಂಥವರು ಖಾಯಂ ಇರ್ಬೇಕು."

ಮೇಷ್ಟ್ರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿ. ತಡಿಯೇ, ಇನ್ನೊಂದು ನಿಮಿಷ, ಎಂದುಕೊಂಡರು. ಪೆನ್ನು ಪತ್ರದ ಮೇಲೆ ಬಂದಿತ್ತು. ಹಾಗೇ ನಿಂತಿತು.

"ಅಂದಹಾಗೆ ಡಾಕ್ಟ್ರೇ," ಎಂದರು ಮೇಡಂ, "ಕಾರಣದ ಜಾಗ ತುಂಬಬೇಕಲ್ಲ. ಅಷ್ಟು ವೇಗ ಯಾಕೆ ಇಟ್ಕೊಂಡ್ರಿ?"

ಡಾಕ್ಟರು ಚೀಟಿಯ ಹಿಂದೆ ಬರೆದರು: 'ಜೋರು ಗಾಳಿಯಿದ್ದರೆ ವೇಗ ಹೆಚ್ಚಿಟ್ಟುಕೊಳ್ಳಬೇಕೆಂದು ಕಲಿಸಿದ್ದಾರೆ.'

"ಜೋರು ಗಾಳೀನಾ? ದಾಖಲೆಯಲ್ಲಿ ಏಳಿದೆ. ರೇಡಿಯೋನೂ ಇಲ್ಲ. ಜೋರು ಅಂತ ನಿಮಗೆ ಹೇಳಿದ್ದು ಯಾರು?"

ಡಾಕ್ಟರು ಬೆರಳೆತ್ತಿ ಕಿಟಕಿಯಾಚೆ ತೋರಿಸಿದರು.

ಎಲ್ಲರೂ ಆ ಕಡೆ ತಿರುಗಿದರು. ಮೇಷ್ಟ್ರು ಮೈಸಮೇತ ತಿರುಗಿದರು. ಹೊರಗೆ ಒಂದೆಲೆ ಅಲ್ಲಾಡುತ್ತಿರಲಿಲ್ಲ. ಹುಲ್ಲು ಸತ್ತಂತೆ ನಿಂತಿತ್ತು. ಮೇಜಿನ ಮೇಲಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಕಂಬದ ತುದಿಯಲ್ಲಿ ಗಾಳಿಚೀಲ ಮಾತ್ರ ಬಿರುಗಾಳಿಗೆ ಸಿಕ್ಕಿದಂತೆ ಅಡ್ಡಡ್ಡಕ್ಕೆ, ಕೋಲಿನಂತೆ ಚಾಚಿಕೊಂಡಿತ್ತು.

"ಗಾಳಿ ಹದಿನೈದು ದಾಟದೆ ಅದು ಹಾಗೆ ನಿಲ್ಲೋ ಹಾಗಿಲ್ಲ," ಎಂದರು ಮೇಡಂ ಮೆಲ್ಲಗೆ. "ಈಗ ಗಾಳೀನೇ ಇಲ್ಲ. ಏನು ಮಾಡಿದ್ದೀರಿ ಅದಕ್ಕೆ?"

"ತೊಳೆಸಿದೆ, ಅಷ್ಟೆ. ಮನೇಲಿ." ಮೇಷ್ಟ್ರ ಬೆರಳು ಅಭ್ಯಾಸಬಲದಿಂದ ಕಾಲರಿನೊಳಗೆ ತೂರಲು ಹೋಯಿತು, ತೂರಲಾಗಲಿಲ್ಲ, ಅಲ್ಲೇ ನಿಂತಿತು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.

"ಎತ್ತಿ. ಸ್ಪೀಕರ್ ಹಾಕಿ," ಎಂದರು ಮೇಡಂ.

"ಆಯ್ತೇನ್ರೀ?" ಎಂದಿತು ಫೋನು, ಇಡೀ ಕೋಣೆಗೆ ಕೇಳಿಸುವಂತೆ. "ಮೇಡಂ ಗಾಳಿಚೀಲ ನೋಡಿದ್ರಾ? ಏನಂದ್ರು? ಹೋದ್ ವರ್ಷ ಜೋಲುಬಿದ್ದಿದೆ ಅಂತ ಬರೆದಿದ್ರಲ್ಲ, ಈ ಸಲ ಬರೀಲಿ ನೋಡೋಣ! ನಿಮ್ಮ ಶರ್ಟಿಗೆ ಎರಡೇ ಸಲ, ಅದಕ್ಕೆ ಮೂರು ಸಲ ಹಾಕಿದೀನಿ ಗಂಜಿ. ಒಳಗೆ ಕೊಡ ಇಟ್ಟು ಒಣಗಿಸಿದೀನಿ, ಆನೆ ತುಳಿದ್ರೂ ಬಗ್ಗಲ್ಲ. ಹಲೋ? ಖಾಯಂ ಆಯ್ತೇನ್ರೀ? ಹಲೋ?"

ಮೇಡಂ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದರು. ಫಾರಂ ಎಳೆದುಕೊಂಡು ಕಡೆಯ ಸಾಲಿನಲ್ಲಿ, ಒಂದೇ ಪದದಲ್ಲಿ, ಬರೆದರು: ಗಂಜಿ.

ನಾಚಿಕೆಯಿಂದ ಮೇಷ್ಟ್ರು ತಲೆ ತಗ್ಗಿಸಲು ನೋಡಿದರು. ಕಾಲರ್ ಬಿಡಲಿಲ್ಲ.